ಔಟ್‌ಬೋರ್ಡ್ ಎಂಜಿನ್ನಿನ ಥರ್ಮೋಸ್ಟಾಟ್

ಔಟ್‌ಬೋರ್ಡ್ ಎಂಜಿನ್ನಿನ ಥರ್ಮೋಸ್ಟಾಟ್ ಎಂಬುದು ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನಿನೊಳಗೆ ಹರಿಯುವ ತಂಪುನೀರಿನ ಪ್ರಮಾಣವನ್ನು ತಾಪಕ್ಕೆ ಅನುಗುಣವಾಗಿ ತಾನಾಗಿಯೇ ಹೆಚ್ಚು ಕಡಿಮೆ ಮಾಡುವ ಸಣ್ಣ ಕವಾಟ. ಎಂಜಿನ್ನನ್ನು ತಣ್ಣಗಿಡುವುದೇ ಇದರ ಕೆಲಸವೆಂಬ ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ತಣ್ಣಗಿಡುವ ಕೆಲಸ ನೀರಿನದು ಮತ್ತು ಪಂಪಿನದು. ಎಂಜಿನ್ ಅಗತ್ಯಕ್ಕಿಂತ ತಣ್ಣಗಾಗದಂತೆ ತಡೆಯುವುದು ಥರ್ಮೋಸ್ಟಾಟಿನ ಕೆಲಸ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಇದರ ರಚನೆ, ದೋಷ, ದುರಸ್ತಿ ಎಲ್ಲವೂ ಸುಲಭವಾಗಿ ಅರ್ಥವಾಗುತ್ತವೆ.

ಕರ್ನಾಟಕದಲ್ಲಿ ಔಟ್‌ಬೋರ್ಡ್ ಎಂಜಿನ್‌ಗಳು ಹೆಚ್ಚಾಗಿ ಕಾಣಸಿಗುವುದು ಕರಾವಳಿಯ ನಾಡದೋಣಿಗಳಲ್ಲಿ. ಘಟ್ಟದ ಮೇಲಿನ ಶಿವಮೊಗ್ಗ, ಭದ್ರಾವತಿಗಳ ಕಡೆ ಅವು ಜಲಾಶಯದ ವಿಹಾರದ ದೋಣಿಗಳಲ್ಲಿ ಮತ್ತು ನೆರೆಯ ಸಮಯದಲ್ಲಿ ಬಳಸುವ ರಕ್ಷಣಾ ದೋಣಿಗಳಲ್ಲಿ ಕಂಡುಬರುತ್ತವೆ.

ಹೆಸರು

ಗ್ರೀಕ್ ಭಾಷೆಯಲ್ಲಿ 'ಥರ್ಮೋಸ್' ಎಂದರೆ ಬಿಸಿ, 'ಸ್ಟಾಟೋಸ್' ಎಂದರೆ ನಿಂತದ್ದು, ಸ್ಥಿರವಾದದ್ದು. ಬಿಸಿಯನ್ನು ಒಂದು ಮಟ್ಟದಲ್ಲಿ ನಿಲ್ಲಿಸುವುದು ಎಂಬುದು ಪದದ ಅರ್ಥ. ಕನ್ನಡದಲ್ಲಿ ಇದನ್ನು ತಾಪಸ್ಥಾಪಕ ಎನ್ನಬಹುದು. ಆದರೆ ಇಸ್ತ್ರಿಪೆಟ್ಟಿಗೆ, ಗೀಸರ್, ಶೀತಕಪೆಟ್ಟಿಗೆಗಳ ಮೂಲಕ ಥರ್ಮೋಸ್ಟಾಟ್ ಎಂಬ ಮಾತೇ ಮನೆಮಾತಾಗಿರುವುದರಿಂದ ಈ ಲೇಖನದಲ್ಲಿ ಅದನ್ನೇ ಉಳಿಸಿಕೊಳ್ಳಲಾಗಿದೆ. ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟ್ ವಿದ್ಯುತ್ತನ್ನು ತಡೆದು ಬಿಡುತ್ತದೆ. ಎಂಜಿನ್ನಿನದು ನೀರನ್ನು ತಡೆದು ಬಿಡುತ್ತದೆ.

ನೀರಿನ ದಾರಿ

ಔಟ್‌ಬೋರ್ಡ್ ಎಂಜಿನ್ನಿಗೆ ಮೂರು ಭಾಗಗಳಿವೆ. ಮೇಲೆ ಸಿಲಿಂಡರುಗಳಿರುವ ಎಂಜಿನ್ ತಲೆ. ನಡುವೆ ಉದ್ದನೆಯ ಟೊಳ್ಳು ಕಾಲು. ಕೆಳಗೆ, ನೀರಿನೊಳಗೆ, ಗೇರುಪೆಟ್ಟಿಗೆ ಮತ್ತು ಪ್ರೊಪೆಲ್ಲರ್. ಕಾರಿನಲ್ಲಿರುವಂತೆ ಇದರಲ್ಲಿ ರೇಡಿಯೇಟರ್ ಇಲ್ಲ, ಫ್ಯಾನೂ ಇಲ್ಲ. ದೋಣಿ ತೇಲುತ್ತಿರುವ ನದಿ ಅಥವಾ ಕಡಲೇ ಇದರ ತಂಪುನೀರಿನ ತೊಟ್ಟಿ.

ಗೇರುಪೆಟ್ಟಿಗೆಯ ಪಕ್ಕದಲ್ಲಿರುವ ಜಾಲರಿಯಂತಹ ಸೀಳುಗಳ ಮೂಲಕ ನೀರು ಒಳಬರುತ್ತದೆ. ಅದರ ಸ್ವಲ್ಪ ಮೇಲೆ, ಎಂಜಿನ್ನಿನಿಂದ ಕೆಳಗಿಳಿಯುವ ಚಾಲಕ ದಂಡಕ್ಕೇ ಜೋಡಿಸಿದ ಪಂಪಿದೆ. ಪಂಪಿನೊಳಗೆ ತಿರುಗುವುದು ರಬ್ಬರಿನ ರೆಕ್ಕೆಗಳುಳ್ಳ ಚಕ್ರ. ಇದನ್ನು ಇಂಪೆಲ್ಲರ್ ಎನ್ನುತ್ತಾರೆ. ಇಂಪೆಲ್ಲರ್ ತಳ್ಳಿದ ನೀರು ಕಾಲಿನೊಳಗಿನ ಸಣ್ಣ ಕೊಳವೆಯ ಮೂಲಕ ಮೇಲೇರಿ, ಹೊಗೆ ಹೊರಹೋಗುವ ಮಾರ್ಗದ ಸುತ್ತ, ಸಿಲಿಂಡರುಗಳ ಸುತ್ತ, ಕೊನೆಗೆ ಸಿಲಿಂಡರ್ ಹೆಡ್ಡಿನೊಳಗೆ ಹರಿಯುತ್ತದೆ. ಥರ್ಮೋಸ್ಟಾಟ್ ಕೂತಿರುವುದು ಈ ಪಯಣದ ತುದಿಯಲ್ಲಿ, ಸಾಮಾನ್ಯವಾಗಿ ಹೆಡ್ಡಿನ ಮೇಲ್ಭಾಗದ ಒಂದು ಸಣ್ಣ ಮುಚ್ಚಳದ ಕೆಳಗೆ. ಅದನ್ನು ದಾಟಿದ ನೀರು ಟೊಳ್ಳು ಕಾಲಿನೊಳಗೆ ಬಿದ್ದು, ಹೊಗೆಯೊಡನೆ ಬೆರೆತು, ಮತ್ತೆ ಹೊಳೆಗೇ ಸೇರುತ್ತದೆ. ಒಮ್ಮೆ ಹೋದ ನೀರು ಮರಳಿ ಬರುವುದಿಲ್ಲ.

ಕಾರಿಗೂ ದೋಣಿಗೂ ಇರುವ ಮುಖ್ಯ ಭೇದ ಇದೇ. ಕಾರಿನಲ್ಲಿ ಅದೇ ನೀರು ಸುತ್ತುತ್ತಿರುವುದರಿಂದ ಎಂಜಿನ್ನಿಗೆ ಮರಳುವ ನೀರು ಬೆಚ್ಚಗೇ ಇರುತ್ತದೆ. ದೋಣಿಯ ಎಂಜಿನ್ನಿಗೆ ಪ್ರತಿ ಕ್ಷಣವೂ ಹೊಸ ತಣ್ಣೀರು. ಒಂದು ಕಡೆ ಸಿಲಿಂಡರಿನೊಳಗೆ ಬೆಂಕಿ, ಅದರ ಗೋಡೆಯ ಮತ್ತೊಂದು ಕಡೆ ಸುಮಾರು 25 ಡಿಗ್ರಿ ಸೆಲ್ಸಿಯಸ್ಸಿನ ಹೊಳೆನೀರು. ಪಂಪು ತಡೆಯಿಲ್ಲದೆ ನೀರು ಸುರಿಯುತ್ತಲೇ ಇದ್ದರೆ, ನಿಧಾನವಾಗಿ ಓಡುವ ಎಂಜಿನ್ ಎಂದಿಗೂ ಬೆಚ್ಚಗಾಗದು.

ತಣ್ಣಗಿದ್ದರೆ ಏನು ಕೆಡುಕು

ಬಿಸಿಯಾದರೆ ಎಂಜಿನ್ ಕೆಡುತ್ತದೆಂದು ಎಲ್ಲರೂ ಬಲ್ಲರು. ತಣ್ಣಗಿದ್ದರೂ ಕೆಡುತ್ತದೆ ಎಂಬುದು ಬೇಗ ನಂಬಿಕೆಗೆ ಬಾರದ ಸಂಗತಿ. ಇಂಧನ ದ್ರವರೂಪದಲ್ಲಿ ಉರಿಯುವುದಿಲ್ಲ, ಆವಿಯಾದ ಮೇಲಷ್ಟೇ ಉರಿಯುತ್ತದೆ. ಸಿಲಿಂಡರಿನ ಗೋಡೆ ತಣ್ಣಗಿದ್ದರೆ ಆವಿ ಅಲ್ಲಿ ತಾಗಿ ಮತ್ತೆ ಹನಿಗಟ್ಟುತ್ತದೆ. ಅರೆಬರೆ ಉರಿದ ಇಂಧನ ಮಸಿಯಾಗಿ ಪ್ಲಗ್ಗಿಗೆ, ಪಿಸ್ಟನ್ನಿನ ಉಂಗುರಗಳಿಗೆ, ಹೊಗೆಯ ದ್ವಾರಗಳಿಗೆ ಅಂಟುತ್ತದೆ. ಹಳೆಯ ಔಟ್‌ಬೋರ್ಡ್‌ಗಳಲ್ಲಿ ಬಹುಪಾಲು ಟು-ಸ್ಟ್ರೋಕ್ ಎಂಜಿನ್‌ಗಳು; ಇಂಧನದಲ್ಲಿಯೇ ಎಣ್ಣೆ ಬೆರೆಸುವುದರಿಂದ ಅವುಗಳಲ್ಲಿ ಪ್ಲಗ್ ಒದ್ದೆಯಾಗಿ ಕಿಡಿ ಹಾರದಿರುವ ತೊಂದರೆ ಇನ್ನೂ ಹೆಚ್ಚು. ನಿಧಾನಗತಿಯಲ್ಲಿ ಎಂಜಿನ್ ಮುಗ್ಗರಿಸುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ.

ನಮ್ಮ ಕರಾವಳಿಯ ಸ್ಥಿತಿಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಇಲ್ಲಿನ ನಾಡದೋಣಿಗಳ ಎಂಜಿನ್‌ಗಳಲ್ಲಿ ಬಹಳಷ್ಟು ಸೀಮೆಎಣ್ಣೆಯಲ್ಲಿ ಓಡುವಂಥವು. ಅದಕ್ಕೆಂದೇ ರಾಜ್ಯ ಸರ್ಕಾರ ಮೀನುಗಾರರಿಗೆ ರಿಯಾಯಿತಿ ದರದ ಸೀಮೆಎಣ್ಣೆಯನ್ನು ಒದಗಿಸುತ್ತ ಬಂದಿದೆ. ಪೆಟ್ರೋಲಿನ ಹಗುರ ಅಂಶಗಳು ಸುಮಾರು 40 ಡಿಗ್ರಿಯಲ್ಲಿಯೇ ಕುದಿಯತೊಡಗಿದರೆ, ಸೀಮೆಎಣ್ಣೆ ಕುದಿಯತೊಡಗಲು ಸುಮಾರು 150 ಡಿಗ್ರಿ ಬೇಕು. ಆದ್ದರಿಂದ ಇಂಥ ಎಂಜಿನ್ನನ್ನು ಮೊದಲು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬೆಚ್ಚಗಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರುತ್ತಾರೆ, ಇಲ್ಲದಿದ್ದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಎಂಜಿನ್ ಹತ್ತುವುದಿಲ್ಲ. 'ಬೆಚ್ಚಗಾದ ಮೇಲೆ' ಎಂಬ ಆ ಮಾತನ್ನು ನಿಜವಾಗಿಸುವುದು, ನಿಧಾನವಾಗಿ ಬಲೆ ಬಿಡುವಾಗಲೂ ಆ ಬಿಸುಪನ್ನು ಕಾಯುವುದು ಥರ್ಮೋಸ್ಟಾಟ್. ಪೆಟ್ರೋಲ್ ಎಂಜಿನ್ನಿಗೆ ಅದು ಅನುಕೂಲವಾದರೆ ಸೀಮೆಎಣ್ಣೆಯ ಎಂಜಿನ್ನಿಗೆ ಅನಿವಾರ್ಯ.

ಮೇಣದ ಕೆಲಸ

ಥರ್ಮೋಸ್ಟಾಟಿನ ಹೃದಯ ಒಂದು ಸಣ್ಣ ಹಿತ್ತಾಳೆಯ ಬಟ್ಟಲು. ಅದರೊಳಗೆ ತಾಮ್ರದ ಪುಡಿ ಬೆರೆಸಿದ ಮೇಣವನ್ನು ತುಂಬಿ, ರಬ್ಬರಿನ ಪೊರೆಯಿಂದ ಬಿಗಿಯಾಗಿ ಮುಚ್ಚಿರುತ್ತಾರೆ. ಪೊರೆಯ ಮೇಲೆ ಒಂದು ಉಕ್ಕಿನ ಕಡ್ಡಿ ನಿಂತಿರುತ್ತದೆ. ಘನರೂಪದ ಮೇಣ ಕರಗಿ ದ್ರವವಾಗುವಾಗ ಅದರ ಗಾತ್ರ ಶೇಕಡ 10ಕ್ಕೂ ಮಿಗಿಲಾಗಿ ಹಿಗ್ಗುತ್ತದೆ. ಬಟ್ಟಲು ಗಟ್ಟಿಯಾಗಿರುವುದರಿಂದ ಹಿಗ್ಗಿದ ಮೇಣಕ್ಕೆ ಹೋಗಲು ಬೇರೆ ದಾರಿಯಿಲ್ಲ. ಅದು ಪೊರೆಯನ್ನು ಒತ್ತುತ್ತದೆ, ಪೊರೆ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿಯ ಬಲದಿಂದ ಕವಾಟ ತನ್ನ ಪೀಠದಿಂದ ಮೇಲೇಳುತ್ತದೆ. ನೀರು ಹರಿಯುತ್ತದೆ. ತಣ್ಣೀರು ತಾಗಿ ಮೇಣ ಮತ್ತೆ ಗಟ್ಟಿಯಾದಾಗ ಸ್ಪ್ರಿಂಗ್ ಕವಾಟವನ್ನು ಹಿಂದಕ್ಕೆ ಒತ್ತಿ ಮುಚ್ಚುತ್ತದೆ. ತಾಮ್ರದ ಪುಡಿಯ ಉದ್ದೇಶ ಬೇರೆ: ಮೇಣಕ್ಕೆ ಶಾಖ ನಿಧಾನವಾಗಿ ಹರಿಯುತ್ತದೆ, ತಾಮ್ರ ಅದನ್ನು ಬೇಗ ಹಂಚುತ್ತದೆ.

ಯಾವ ತಾಪದಲ್ಲಿ ಕವಾಟ ತೆರೆಯಬೇಕೆಂಬುದು ಮೇಣದ ಮಿಶ್ರಣವನ್ನು ಅವಲಂಬಿಸಿದೆ. ತೆರೆಯುವಿಕೆ ಬಾಗಿಲು ತೆರೆದಂತೆ ಒಮ್ಮೆಗೇ ಆಗುವುದಿಲ್ಲ. ತೆರೆಯತೊಡಗಿದಾಗಿನಿಂದ ಪೂರ್ತಿ ತೆರೆಯುವವರೆಗೆ ಸುಮಾರು 10ರಿಂದ 15 ಡಿಗ್ರಿಗಳ ಅಂತರವಿರುತ್ತದೆ. ಓಡುತ್ತಿರುವ ಎಂಜಿನ್ನಿನಲ್ಲಿ ಕವಾಟ ಅರೆತೆರೆದು ಅತ್ತಿತ್ತ ಆಡುತ್ತಲೇ ಇರುತ್ತದೆ.

ಕವಾಟ ಮುಚ್ಚಿರುವಾಗ ನೀರು ಸಂಪೂರ್ಣ ನಿಂತುಹೋಗುವುದಿಲ್ಲ. ಸಣ್ಣ ರಂಧ್ರವೊಂದರಿಂದ ಅಥವಾ ಪಕ್ಕದ ಮಾರ್ಗದಿಂದ ಅಲ್ಪ ನೀರು ಹರಿಯುತ್ತಿರಬೇಕು; ಸಿಲಿಂಡರ್ ಸುತ್ತಲಿನ ಗಾಳಿ ಹೊರಹೋಗಲೂ, ಹೊಗೆಯ ಮಾರ್ಗ ತಂಪಾಗಿರಲೂ ಅದು ಬೇಕು. ದೊಡ್ಡ ಎಂಜಿನ್‌ಗಳಲ್ಲಿ ಹಲವಕ್ಕೆ ಥರ್ಮೋಸ್ಟಾಟಿನ ಜೊತೆಗೆ ಒತ್ತಡದಿಂದ ತೆರೆಯುವ ಇನ್ನೊಂದು ಕವಾಟವೂ ಇರುತ್ತದೆ. ವೇಗವಾಗಿ ಓಡುವಾಗ ಪಂಪಿನ ಒತ್ತಡ ಏರಿ, ತಾಪ ಎಷ್ಟೇ ಇರಲಿ, ಈ ಎರಡನೆಯ ಕವಾಟ ತೆರೆದು ಧಾರಾಳವಾಗಿ ನೀರು ಬಿಡುತ್ತದೆ. ಅಂಥ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಮುಖ್ಯವಾಗಿ ನಿಧಾನಗತಿಯ ಕಾವಲುಗಾರ.

ಕಡಲಿಗೊಂದು ತಾಪ, ಕಾರಿಗೊಂದು ತಾಪ

ಇಂದಿನ ಕಾರುಗಳ ಥರ್ಮೋಸ್ಟಾಟ್ ಸಾಮಾನ್ಯವಾಗಿ 80 ಡಿಗ್ರಿ ದಾಟಿದ ಮೇಲೆ ತೆರೆಯುತ್ತದೆ. ಔಟ್‌ಬೋರ್ಡ್ ಎಂಜಿನ್‌ಗಳದು ಬಹುತೇಕ 50ರಿಂದ 62 ಡಿಗ್ರಿಗಳ ಆಸುಪಾಸಿನಲ್ಲಿಯೇ. ಇನ್ನೂ ಬಿಸಿಯಾಗಿ ಓಡಿದರೆ ಇಂಧನ ಚೆನ್ನಾಗಿ ಉರಿಯುವುದಿದ್ದರೂ ಇಷ್ಟಕ್ಕೇ ನಿಲ್ಲಿಸಲು ಕಾರಣ ಉಪ್ಪು. ಕಡಲ ನೀರಿನಲ್ಲಿ ಸುಮಾರು ಶೇಕಡ 3.5ರಷ್ಟು ಲವಣಗಳಿವೆ. ಇವುಗಳಲ್ಲಿ ಕ್ಯಾಲ್ಸಿಯಮ್ಮಿನ ಕೆಲವು ಲವಣಗಳು ಸಕ್ಕರೆಗೆ ವಿರುದ್ಧ ಸ್ವಭಾವದವು: ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತವೆ. ಬಿಸಿಲೋಹ ತಾಗಿದೆಡೆ ಅವು ಬಿಳಿಯ ಪದರವಾಗಿ ಕಟ್ಟಿಕೊಳ್ಳುತ್ತವೆ. ಬಯಲುಸೀಮೆಯ ಕೊಳವೆಬಾವಿಯ ನೀರು ಕಾಯಿಸುವ ಪಾತ್ರೆಯೊಳಗೆ ಕಟ್ಟುವ ಬಿಳಿಯ ಹೊರೆಯನ್ನು ನೋಡಿದವರಿಗೆ ಇದು ಹೊಸತಲ್ಲ. ಎಂಜಿನ್ನಿನೊಳಗಿನ ದಾರಿಗಳು ಬೆರಳಿಗಿಂತ ಕಿರಿದಾಗಿರುವುದರಿಂದ ಅಲ್ಲಿ ಈ ಹೊರೆ ಕಟ್ಟಿದರೆ ನೀರೇ ನಿಲ್ಲುತ್ತದೆ. ತಾಪವನ್ನು ಕೆಳಗೆ ಇಟ್ಟುಕೊಂಡರೆ ಹೊರೆ ನಿಧಾನವಾಗಿ ಕಟ್ಟುತ್ತದೆ. ಇಂಧನ ಬೇಡುವ ಬಿಸಿಗೂ ಉಪ್ಪು ಸಹಿಸುವ ಬಿಸಿಗೂ ನಡುವೆ ಮಾಡಿಕೊಂಡ ರಾಜಿಯೇ ಈ ಅಂಕಿ. ಆಕಾರ ಹೊಂದುತ್ತದೆಂದು ಕಾರಿನ ಥರ್ಮೋಸ್ಟಾಟನ್ನು ದೋಣಿಯ ಎಂಜಿನ್ನಿಗೆ ಕೂರಿಸುವುದು ಈ ಕಾರಣದಿಂದ ಅಪಾಯ.

ಹಳೆಯ ಎಂಜಿನ್‌ಗಳು

ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ತನ್ನ ಔಟ್‌ಬೋರ್ಡ್ ಎಂಜಿನ್ನಿನ ಮಾರಾಟ ಆರಂಭಿಸಿದನು. ಆ ಕಾಲದ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇರಲಿಲ್ಲ. ನೀರು ಬಂದಷ್ಟು ಬಂತು, ಹೋದಷ್ಟು ಹೋಯಿತು. ಇಂಗ್ಲೆಂಡಿನ ಪ್ರಸಿದ್ಧ ಸೀಗಲ್ ಎಂಜಿನ್ ಕೊನೆಯವರೆಗೂ ಥರ್ಮೋಸ್ಟಾಟ್ ಇಲ್ಲದೆಯೇ ನಡೆಯಿತು. ಸಣ್ಣ ಎಂಜಿನ್‌ಗಳಲ್ಲಿ ಇಂದಿಗೂ ಕೆಲವಕ್ಕೆ ಅದಿಲ್ಲ. ಮೇಣದ ಥರ್ಮೋಸ್ಟಾಟನ್ನು 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆ ರೂಪಿಸಿದನು. ಅದಕ್ಕೂ ಮೊದಲು ವಾಹನಗಳಲ್ಲಿದ್ದದ್ದು ಬೇಗ ಆವಿಯಾಗುವ ದ್ರವ ತುಂಬಿದ ತಿದಿಯಂತಹ ಸಾಧನ. ನೀರಿನ ಒತ್ತಡ ಹೆಚ್ಚಾದಾಗ ತಿದಿ ಸರಿಯಾದ ತಾಪದಲ್ಲಿ ಹಿಗ್ಗದು. ಮೇಣಕ್ಕೆ ಆ ತೊಂದರೆಯಿಲ್ಲ. ಮುಂದೆ ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳ ಮೇಣದ ಗುಂಡಿಗೆ ವರ್ನಾಥರ್ಮ್ ಎಂಬ ಹೆಸರೇ ರೂಢಿಯಾಯಿತು.

ಜಪಾನಿನ ಯಮಹಾ ಸಂಸ್ಥೆ 1960ರಲ್ಲಿಯೂ ಸುಝುಕಿ 1965ರಲ್ಲಿಯೂ ಔಟ್‌ಬೋರ್ಡ್ ತಯಾರಿಕೆಗೆ ಇಳಿದವು. ಭಾರತದ ಪಶ್ಚಿಮ ಕರಾವಳಿಯ ದೋಣಿಗಳಿಗೆ ಈ ಎಂಜಿನ್‌ಗಳು ವ್ಯಾಪಕವಾಗಿ ಬಂದದ್ದು 1980ರ ದಶಕದಲ್ಲಿ. ಎವಿನ್‌ರೂಡ್ ಎಂಜಿನ್‌ಗಳ ತಯಾರಿಕೆ 2020ರಲ್ಲಿ ನಿಂತಿತು. ಹಳೆಯ ಎಂಜಿನ್ ಇಟ್ಟುಕೊಂಡವರಿಗೆ ಥರ್ಮೋಸ್ಟಾಟಿನಂತಹ ಸಣ್ಣ ಬಿಡಿಭಾಗವೇ ದೊಡ್ಡ ಹುಡುಕಾಟವಾಗುವುದು ಹೀಗೆ.

ಹಳೆಯ ಎಂಜಿನ್‌ಗಳ ವಿಷಯದಲ್ಲಿ ಇನ್ನೊಂದು ಸಂಗತಿ. ಇಂದಿನ ಎಂಜಿನ್‌ಗಳ ಪಕ್ಕದಿಂದ ಸಣ್ಣ ನೀರಿನ ಧಾರೆಯೊಂದು ಸದಾ ಚಿಮ್ಮುತ್ತಿರುತ್ತದೆ. ಪಂಪು ಕೆಲಸ ಮಾಡುತ್ತಿದೆಯೆಂಬುದಕ್ಕೆ ಅದು ಸೂಚನೆ. 1950-60ರ ದಶಕಗಳ ಹಲವು ಎಂಜಿನ್‌ಗಳಲ್ಲಿ ಈ ಧಾರೆ ಇಲ್ಲ, ಕಾಲಿನ ಹಿಂಬದಿಯ ರಂಧ್ರದಿಂದ ಹೊಗೆಯೊಡನೆ ತುಂತುರು ಮಾತ್ರ ಬರುತ್ತದೆ. ಧಾರೆ ಇರುವ ಎಂಜಿನ್ನಿನಲ್ಲಿಯೂ ಅದನ್ನು ಪೂರ್ತಿ ನಂಬಲಾಗದು. ಹಲವು ರಚನೆಗಳಲ್ಲಿ ಸೂಚಕ ಧಾರೆಯ ಕವಲು ಥರ್ಮೋಸ್ಟಾಟಿಗಿಂತ ಮೊದಲೇ ಒಡೆಯುತ್ತದೆ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಬಿದ್ದಿದ್ದರೂ ಧಾರೆ ಚಿಮ್ಮುತ್ತಲೇ ಇರುತ್ತದೆ, ಒಳಗೆ ಹೆಡ್ಡು ಕಾಯುತ್ತಲೇ ಇರುತ್ತದೆ.

ದೋಷಗಳು

ಥರ್ಮೋಸ್ಟಾಟ್ ಕೆಡುವುದು ಎರಡು ಬಗೆಯಲ್ಲಿ. ಉಪ್ಪಿನ ಹೊರೆ ಅಥವಾ ತುಕ್ಕಿನಿಂದ ಮುಚ್ಚಿಯೇ ಉಳಿದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಅತಿಯಾಗಿ ಕಾಯುತ್ತದೆ. ಹೆಡ್ಡಿನ ಗ್ಯಾಸ್ಕೆಟ್ ಸುಡುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮರಳಿನ ಕಣವೊಂದು ಪೀಠದಲ್ಲಿ ಸಿಕ್ಕಿ ತೆರೆದೇ ಉಳಿದರೆ ಎಂಜಿನ್ ತಣ್ಣಗೆ ಓಡುತ್ತದೆ. ಎರಡನೆಯದು ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ನಡೆಯಬಹುದು. ಪದೇ ಪದೇ ಒದ್ದೆಯಾಗುವ ಪ್ಲಗ್ಗಿನ ಮೇಲೆ, ಇಂಧನದ ಗುಣಮಟ್ಟದ ಮೇಲೆ ತಪ್ಪು ಹೊರಿಸಲಾಗುತ್ತದೆ.

ಮೊದಲನೆಯ ದೋಷ ಕಂಡಾಗ ಥರ್ಮೋಸ್ಟಾಟನ್ನು ಕಿತ್ತು ಎಸೆದು, ಅದಿಲ್ಲದೆಯೇ ಓಡಿಸುವ ರೂಢಿ ಗ್ಯಾರೇಜುಗಳಲ್ಲಿ ಇದೆ. ಕಡಲ ನಡುವೆ ಎಂಜಿನ್ ನಿಲ್ಲುವುದೆಂದರೆ ಜೀವದ ಪ್ರಶ್ನೆ, ಆದ್ದರಿಂದ ಆ ಭಯ ಅರ್ಥವಾಗುವಂಥದ್ದೇ. ಮಳೆಗಾಲದ ಮೀನುಗಾರಿಕೆ ನಿಷೇಧದ ಜೂನ್-ಜುಲೈ ತಿಂಗಳುಗಳಲ್ಲಿಯೂ 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ಕರ್ನಾಟಕದಲ್ಲಿ ಅವಕಾಶವಿದೆ. ಆ ಅಬ್ಬರದ ಕಡಲಿನಲ್ಲಿ ಎಂಜಿನ್ ಕೈಕೊಟ್ಟರೆ ಅಲೆ ಒಡೆಯುವ ಕಡೆಗೇ ದೋಣಿ ತೇಲುತ್ತದೆ. ಆದರೂ ಈ ಪರಿಹಾರ ಸರಿಯಲ್ಲ. ಒಂದು ಕಾರಣ ಮೇಲೆ ಹೇಳಿದ ತಣ್ಣನೆಯ ಓಟ. ಇನ್ನೊಂದು ಕಾರಣ ಅಷ್ಟು ಸುಲಭವಾಗಿ ಹೊಳೆಯದು. ಎರಡು ಮೂರು ಸಿಲಿಂಡರುಗಳ ಔಟ್‌ಬೋರ್ಡ್‌ನಲ್ಲಿ ಅವು ಒಂದರ ಮೇಲೊಂದು ಇರುತ್ತವೆ. ತುದಿಯಲ್ಲಿ ಥರ್ಮೋಸ್ಟಾಟಿನ ತಡೆಯಿದ್ದಾಗ ನೀರು ಹಿಂದೊತ್ತಿ ಎಲ್ಲ ಸಿಲಿಂಡರುಗಳ ಸುತ್ತಲೂ ತುಂಬಿಕೊಳ್ಳುತ್ತದೆ. ತಡೆಯೇ ಇಲ್ಲದಿದ್ದರೆ ನೀರು ಸುಲಭವಾದ ದಾರಿ ಹಿಡಿದು ಹೊರಟುಹೋಗಿ, ಮೂಲೆಗಳಲ್ಲಿ ಗಾಳಿ ಉಳಿಯಬಹುದು. ಆಗ ಎಂಜಿನ್ ಒಟ್ಟಾರೆ ತಣ್ಣಗಿದ್ದರೂ ಒಂದೆರಡು ಜಾಗ ಮಾತ್ರ ಅಪಾಯಕರವಾಗಿ ಕಾಯುತ್ತದೆ.

ಅತಿಯಾಗಿ ಕಾದ ಎಂಜಿನ್ನಿನಲ್ಲಿ ಮೊದಲು ಸಂಶಯಿಸಬೇಕಾದದ್ದು ಥರ್ಮೋಸ್ಟಾಟನ್ನಲ್ಲ, ಇಂಪೆಲ್ಲರನ್ನು. ಅದರ ರಬ್ಬರ್ ರೆಕ್ಕೆಗಳಿಗೆ ನೀರೇ ಜಾರೆಣ್ಣೆ. ನೀರಿಲ್ಲದೆ ಎಂಜಿನ್ ಓಡಿಸಿದರೆ ಅವು ಅಲ್ಪಹೊತ್ತಿನಲ್ಲಿಯೇ ಸುಟ್ಟು ಹರಿಯುತ್ತವೆ. ಹರಿದ ರಬ್ಬರಿನ ಚೂರುಗಳು ಮೇಲೇರಿ ಥರ್ಮೋಸ್ಟಾಟಿನಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ದಡದ ಮೇಲೆ ಎಂಜಿನ್ ಪರೀಕ್ಷಿಸುವಾಗ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸುವುದು ಇದಕ್ಕಾಗಿ.

ಪರೀಕ್ಷೆ ಮತ್ತು ತೊಳೆಯುವಿಕೆ

ಥರ್ಮೋಸ್ಟಾಟನ್ನು ಪರೀಕ್ಷಿಸಲು ವಿಶೇಷ ಉಪಕರಣ ಬೇಡ; ಪ್ರೌಢಶಾಲೆಯ ಪ್ರಯೋಗಾಲಯದಲ್ಲಿಯೂ ಇದನ್ನು ಮಾಡಿ ತೋರಿಸಬಹುದು. ಕವಾಟ ಮತ್ತು ಪೀಠದ ನಡುವೆ ಒಂದು ದಾರವನ್ನು ಸಿಕ್ಕಿಸಿ, ಆ ದಾರದಿಂದಲೇ ಥರ್ಮೋಸ್ಟಾಟನ್ನು ನೀರಿನ ಪಾತ್ರೆಯಲ್ಲಿ ತೂಗುಹಾಕಬೇಕು. ಪಾತ್ರೆಯ ತಳ ನೀರಿಗಿಂತ ಬಿಸಿಯಾಗಿರುವುದರಿಂದ ಅದು ತಳಕ್ಕೆ ತಾಗಬಾರದು. ಪಕ್ಕದಲ್ಲಿ ತಾಪಮಾಪಕ ಇಟ್ಟು, ಸಣ್ಣ ಉರಿಯಲ್ಲಿ ಕಾಯಿಸುತ್ತ, ನೀರನ್ನು ಕಲಕುತ್ತಿರಬೇಕು. ಕವಾಟ ತೆರೆಯತೊಡಗಿದೊಡನೆ ದಾರದ ಹಿಡಿತ ಸಡಿಲಿ ಥರ್ಮೋಸ್ಟಾಟ್ ಕೆಳಗೆ ಬೀಳುತ್ತದೆ. ಆಗಿನ ತಾಪ ಅದರ ಮೇಲೆ ಕೊರೆದಿರುವ ಅಂಕಿಗೆ ಹತ್ತಿರವಿರಬೇಕು. ಹಳೆಯ ಅಮೆರಿಕನ್ ಭಾಗಗಳಲ್ಲಿ ಆ ಅಂಕಿ ಫ್ಯಾರನ್‌ಹೀಟಿನಲ್ಲಿರುತ್ತದೆ. 143 ಎಂದಿದ್ದರೆ ಸುಮಾರು 62 ಡಿಗ್ರಿ ಸೆಲ್ಸಿಯಸ್ ಎಂದು ಓದಿಕೊಳ್ಳಬೇಕು. ಬಳಿಕ ತಣ್ಣೀರಿಗೆ ಹಾಕಿದಾಗ ಕವಾಟ ಸಂದಿಲ್ಲದೆ ಮುಚ್ಚಬೇಕು. ತೆರೆಯುವುದನ್ನಷ್ಟೇ ನೋಡಿ ಮುಚ್ಚುವುದನ್ನು ನೋಡದಿರುವುದು ಸಾಮಾನ್ಯ ಲೋಪ. ಮರಳಿ ಜೋಡಿಸುವಾಗ ಮುಚ್ಚಳದ ಗ್ಯಾಸ್ಕೆಟ್ ಹೊಸದಿರಬೇಕು.

ಕಡಲಿನಿಂದ ಬಂದ ಎಂಜಿನ್ನನ್ನು ಬಾವಿಯ ಸಿಹಿನೀರಿನಲ್ಲಿ ಓಡಿಸಿ ತೊಳೆಯುವುದು ಒಳ್ಳೆಯ ಅಭ್ಯಾಸ. ಆದರೆ ತಣ್ಣಗಾದ ಎಂಜಿನ್ನನ್ನು ಅರೆನಿಮಿಷ ಓಡಿಸಿ ನಿಲ್ಲಿಸಿದರೆ ಅದು ತೊಳೆದಂತಲ್ಲ. ಥರ್ಮೋಸ್ಟಾಟ್ ಇನ್ನೂ ಮುಚ್ಚಿರುವುದರಿಂದ ಸಿಲಿಂಡರುಗಳ ಸುತ್ತ ಹಳೆಯ ಉಪ್ಪುನೀರೇ ಬಹುಪಾಲು ಉಳಿದಿರುತ್ತದೆ. ಎಂಜಿನ್ ಬೆಚ್ಚಗಾಗಿ ಕವಾಟ ತೆರೆದು, ಅದರ ಮೂಲಕ ಸಿಹಿನೀರು ಕೆಲವು ನಿಮಿಷ ಹರಿದ ಮೇಲಷ್ಟೇ ಒಳಗಿನ ಉಪ್ಪು ಹೋಗುತ್ತದೆ.

ತುಂಗಾ-ಭದ್ರಾ ತೀರದಲ್ಲಿ

ಶಿವಮೊಗ್ಗದ ಮೇಲ್ಭಾಗದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟು, ಸಕ್ರೆಬೈಲಿನವರೆಗೆ ಚಾಚಿದ ಅದರ ಹಿನ್ನೀರು. ಭದ್ರಾವತಿಯ ಮೇಲ್ಭಾಗದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯ. ಎರಡು ನದಿಗಳೂ ಮಲೆನಾಡಿನ ಮಳೆಯ ನೀರನ್ನು ತಂದು ಕೂಡಲಿಯಲ್ಲಿ ಒಂದಾಗುತ್ತವೆ. ಈ ನೀರಿನಲ್ಲಿ ಕಡಲಿನ ಉಪ್ಪಿನ ಕಾಟವಿಲ್ಲ. ಇಲ್ಲಿನ ತೊಂದರೆ ಬೇರೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುತ್ತದೆ. ಆ ಕೆಮ್ಮಣ್ಣು ಮತ್ತು ನುಣುಪು ಮರಳು ಇಂಪೆಲ್ಲರಿನ ರೆಕ್ಕೆಗಳನ್ನು ಸವೆಸುತ್ತವೆ, ಎಂಜಿನ್ನಿನ ತಗ್ಗಿನ ಮೂಲೆಗಳಲ್ಲಿ ಕೆಸರಾಗಿ ಕೂರುತ್ತವೆ, ಥರ್ಮೋಸ್ಟಾಟಿನ ಪೀಠದಲ್ಲಿ ಸಿಕ್ಕಿ ಕವಾಟ ಪೂರ್ತಿ ಮುಚ್ಚದಂತೆ ಮಾಡುತ್ತವೆ. ತೇಲಿಬರುವ ಎಲೆ, ಜೊಂಡು, ಪ್ಲಾಸ್ಟಿಕ್ ಹಾಳೆಗಳು ನೀರು ಒಳಬರುವ ಸೀಳುಗಳನ್ನೇ ಮುಚ್ಚುತ್ತವೆ.

2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ಭದ್ರಾ ಜಲಾಶಯ ತುಂಬಿ ಹೆಚ್ಚಿನ ನೀರು ಬಿಟ್ಟಾಗ ಭದ್ರಾವತಿಯಲ್ಲಿಯೂ ಹೊಳೆದಂಡೆಯ ಮನೆಗಳಿಗೆ ಆತಂಕ ತಪ್ಪಿದ್ದಲ್ಲ. ಇಂಥ ನೆರೆಗಳಲ್ಲಿ ಜನರನ್ನು ಸಾಗಿಸಲು ಗಾಳಿ ತುಂಬಿದ ರಬ್ಬರ್ ದೋಣಿ ಮತ್ತು ಔಟ್‌ಬೋರ್ಡ್ ಎಂಜಿನ್ ಬಳಕೆಯಾಗುತ್ತವೆ. ದಿನನಿತ್ಯ ಓಡುವ ಮೀನುಗಾರನ ಎಂಜಿನ್ನಿಗೂ ಇದಕ್ಕೂ ವ್ಯತ್ಯಾಸವಿದೆ. ರಕ್ಷಣೆಯ ಎಂಜಿನ್ ವರ್ಷದ ಬಹುಭಾಗ ಓಡದೆ ಇರುತ್ತದೆ. ಹಿಂದಿನ ವರ್ಷದ ಕೆಸರು ಒಣಗಿ ಕವಾಟವನ್ನು ಪೀಠಕ್ಕೆ ಅಂಟಿಸುತ್ತದೆ. ಇಂಪೆಲ್ಲರಿನ ರೆಕ್ಕೆಗಳು ಬಾಗಿದ ಸ್ಥಿತಿಯಲ್ಲಿಯೇ ಗಡುಸಾಗುತ್ತವೆ. ಮೊದಲ ಓಟ ನೆರೆಯ ದಿನವೇ ಆದರೆ ದೋಷ ತಿಳಿಯುವುದು ಸೆಳವಿನ ನಡುವೆ, ದೋಣಿಯಲ್ಲಿ ಜನರಿರುವಾಗ. ನೆರೆಯ ನೀರಿನಲ್ಲಿ ಕಸದ ನಡುವೆ ನಿಧಾನವಾಗಿ, ತಡೆತಡೆದು ಸಾಗಬೇಕಾಗುತ್ತದೆ. ಥರ್ಮೋಸ್ಟಾಟ್ ಅತ್ಯಂತ ಅಗತ್ಯವಾಗುವುದು ಆ ಬಗೆಯ ಓಟದಲ್ಲಿಯೇ. ಹಾಗಾಗಿ ಪ್ರತಿವರ್ಷ ಮೇ ತಿಂಗಳಿನಲ್ಲಿ, ಮುಂಗಾರಿಗೆ ಮೊದಲು, ಥರ್ಮೋಸ್ಟಾಟಿನ ಮುಚ್ಚಳ ಬಿಚ್ಚಿ ಮೇಲಿನ ದಾರದ ಪರೀಕ್ಷೆ ಮಾಡಿ, ಇಂಪೆಲ್ಲರ್ ಬದಲಿಸಿ, ಡ್ರಮ್ಮಿನ ನೀರಿನಲ್ಲಿ ಕಾಲು ಗಂಟೆ ಓಡಿಸಿ ನೋಡುವುದು ಸೂಕ್ತ. ಕೆಂಪುನೀರಿನಲ್ಲಿ ಓಡಿದ ಎಂಜಿನ್ನನ್ನು ಒಳಗಿಡುವ ಮುನ್ನ, ಕಡಲಿನ ಎಂಜಿನ್ನಿನಂತೆಯೇ, ಕವಾಟ ತೆರೆಯುವಷ್ಟು ಬೆಚ್ಚಗಾಗುವವರೆಗೆ ತಿಳಿನೀರಿನಲ್ಲಿ ಓಡಿಸಬೇಕು.